ಎಲೆ ನೋಡಿದ್ದು ಸಾಕು, ಬುಡದ ತೊಗಟೆ ನೋಡಿ

ಗಿಡಕ್ಕೆ ಏನಾದರೂ ಆದ ಕೂಡಲೇ ನಾವೆಲ್ಲ ಮೊದಲು ಮಾಡುವ ಕೆಲಸ ಎಲೆಯ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದು. ಎಲೆಯ ಮೇಲ್ಭಾಗ, ಕೆಳಭಾಗ, ಅಂಗೈ ಮೇಲಿಟ್ಟು ಒಂದು, ಬಿಸಿಲಿಗೆ ಹಿಡಿದು ಒಂದು. ಕೊನೆಗೆ "ಅಣ್ಣಾ, ಯಾವ ಸ್ಪ್ರೇ ಕೊಡ್ಲಿ?" ಅಂತ ಪ್ರಶ್ನೆ. ಬುಡದ ಫೋಟೋ ಕಳಿಸಪ್ಪಾ ಅಂದರೆ ಮರುದಿನ ಬರುತ್ತೆ, ಅದೂ ಹತ್ತಡಿ ದೂರದಿಂದ ತೆಗೆದದ್ದು.

ಮೊನ್ನೆ ಪಕ್ಕದ ತಾಲ್ಲೂಕಿನ ಒಬ್ಬ ಹುಡುಗ ಕಳಿಸಿದ್ದೂ ಹಾಗೇ. ಮೂರು ವರ್ಷದ ಕಸಿ ಮಾವು. ಎಲೆ ಬಿಳಚಿಕೊಂಡಿದೆ, ಹೊಸ ಚಿಗುರಿಲ್ಲ, ಎರಡು ಗಿಡ ಮಾತ್ರ ಕಾಲವಲ್ಲದ ಕಾಲದಲ್ಲಿ ಹೂ ಬಿಟ್ಟಿವೆ. ಅಂಗಡಿಯವರು ಹೇಳಿದ ಲಘು ಪೋಷಕಾಂಶದ ಸ್ಪ್ರೇ ಎರಡು ಸಲ ಆಗಿದೆ, ಬುಡಕ್ಕೆ ಶಿಲೀಂಧ್ರನಾಶಕ ಸುರಿದದ್ದೂ ಆಗಿದೆ. ಹತ್ತಿರದಿಂದ ತೆಗೆದ ಬುಡದ ಫೋಟೋ ಬಂದ ಮೇಲೆ ವಿಷಯ ಗೊತ್ತಾಯಿತು. ನೆಲದಿಂದ ನಾಲ್ಕು ಬೆರಳು ಮೇಲೆ, ಕಾಂಡದ ಸುತ್ತ ತೊಗಟೆಯೇ ಇಲ್ಲ. ಒಳಗಿನ ಮರ ಒಣಗಿ ಬೂದು ಬಣ್ಣಕ್ಕೆ ತಿರುಗಿದೆ. ಹೋದ ಮಳೆಗಾಲದಲ್ಲಿ ಕಳೆ ಕೊಚ್ಚುವ ಮಿಷನ್ನಿನ ನೈಲಾನ್ ದಾರ ಬಡಿದದ್ದು. ಅಂದರೆ ಗಿಡ ಆರು ತಿಂಗಳ ಹಿಂದೆಯೇ ಸಾಯಲು ಶುರು ಮಾಡಿತ್ತು, ಎಲೆಗೆ ಸುದ್ದಿ ಮುಟ್ಟಿದ್ದು ಈಗ.

ಇಷ್ಟು ತಡ ಯಾಕೆ? ಅಷ್ಟು ದೊಡ್ಡ ಗಾಯವಾದರೂ ಗಿಡ ಆರು ತಿಂಗಳು ಹಸಿರಾಗಿ ನಿಂತದ್ದು ಹೇಗೆ? ಉತ್ತರ ತೊಗಟೆಯೊಳಗೇ ಇದೆ. ಅದಕ್ಕೇ ಈ ವಾರ ತೊಗಟೆಯ ಪಾಠ.

ಒಂದು ಕೊಂಬೆ, ಒಂದು ಚಾಕು

ಓದುವುದಕ್ಕಿಂತ ನೋಡುವುದು ಸುಲಭ. ಸವರಿದ ಮಾವಿನ ಕೊಂಬೆಯೋ, ನುಗ್ಗೆ ಕೊಂಬೆಯೋ, ಹೆಬ್ಬೆರಳು ದಪ್ಪದ್ದು ಒಂದು ತಗೊಳ್ಳಿ. ಹಸಿಯಾಗಿರಬೇಕು. ಕಸಿ ಚಾಕುವಿನಲ್ಲಿ ಮೇಲ್ಮೈಯನ್ನು ನಿಧಾನವಾಗಿ ಕೆರೆಯುತ್ತಾ ಹೋಗಿ.

ಮೊದಲು ಉದುರುವುದು ಬೂದು-ಕಂದು ಬಣ್ಣದ ಒಣ ಪುಡಿ. ಇದು ಬೆಂಡು, ಕಾರ್ಕ್. ಬಾಟಲಿಯ ಬಿರಡೆ ಇರುತ್ತಲ್ಲ, ಅದೇ ಜಾತಿಯ ಪದರ, ನಮ್ಮ ಗಿಡಗಳಲ್ಲಿ ತೆಳ್ಳಗಿರುತ್ತೆ ಅಷ್ಟೆ. ಇನ್ನೂ ಸ್ವಲ್ಪ ಕೆರೆದರೆ ಕಾಗದದಷ್ಟು ತೆಳ್ಳಗಿನ ಹಸಿರು ಕಾಣುತ್ತೆ. ಕೊಂಬೆ ಒಣಗಿದೆಯೋ ಬದುಕಿದೆಯೋ ಅಂತ ಹಿರಿಯರು ಉಗುರಿನಲ್ಲಿ ಗೀರಿ ನೋಡುತ್ತಾರಲ್ಲ, ಅವರು ಹುಡುಕುವುದು ಈ ಹಸಿರನ್ನೇ. ಅದರ ಕೆಳಗೆ ಒದ್ದೆಯಾದ, ನಾರುನಾರಾದ ಪದರ. ಇದು ಫ್ಲೋಯಂ. ಸೆಣಬಿನ ನಾರು, ಪುಂಡಿ ನಾರು ನಮಗೆ ಸಿಗುವುದು ಆ ಗಿಡಗಳ ಈ ಭಾಗದಿಂದಲೇ. ನಾರಿನ ಪದರವನ್ನೂ ಎತ್ತಿದರೆ ಒಳಗೆ ಬಿಳಿ ಮರ ಸಿಗುತ್ತೆ. ಅದರ ಮೇಲೆ ಬೆರಳಾಡಿಸಿ, ಲೋಳೆ ಮುಟ್ಟಿದ ಹಾಗೆ ಜಾರುತ್ತೆ. ಆ ಜಾರುವ ಜಾಗದಲ್ಲಿರುವುದು ಕೇಂಬಿಯಂ. ಕಣ್ಣಿಗೆ ಪದರ ಅಂತ ಕಾಣುವುದಿಲ್ಲ, ಅಷ್ಟು ತೆಳು. ಆದರೆ ಗಿಡ ದಪ್ಪವಾಗುವುದು ಪೂರ್ತಿ ಅದರ ಕೆಲಸ. ಒಳಮುಖವಾಗಿ ಹೊಸ ಮರ ಕಟ್ಟುತ್ತೆ, ಹೊರಮುಖವಾಗಿ ಹೊಸ ಫ್ಲೋಯಂ ಕಟ್ಟುತ್ತೆ. ಗಿಡ ಚುರುಕಾಗಿ ಬೆಳೆಯುವಾಗ ಈ ಕೋಶಗಳು ಎಳಸಾಗಿ ನೀರು ತುಂಬಿಕೊಂಡಿರುತ್ತವೆ, ತೊಗಟೆ ಸಲೀಸಾಗಿ ಬಿಡುತ್ತೆ. ಕಣ್ಣು ಕಸಿ ಮಾಡುವವರು "ತೊಗಟೆ ಬಿಡ್ತಿದೆ, ಈಗ ಕಟ್ಟಬಹುದು" ಅನ್ನುವುದು ಇದಕ್ಕೇ.

ಕೇಂಬಿಯಂನಿಂದ ಹೊರಗೆ ಇರುವುದೆಲ್ಲ ಸೇರಿ ತೊಗಟೆ. ಹಾಗಾಗಿ ತೊಗಟೆ ಅಂದರೆ ಒಂದು ವಸ್ತುವಲ್ಲ, ಎರಡು. ಹೊರಗಿನದು ಸತ್ತದ್ದು, ಒಳಗಿನದು ಬದುಕಿರುವುದು. ಹೊರಗಿನದನ್ನು ಕೆರೆದರೆ ಗಿಡ ಸಹಿಸಿಕೊಳ್ಳುತ್ತೆ. ಒಳಗಿನದು ಸುತ್ತಲೂ ಕಡಿದು ಹೋದರೆ ಹೆಚ್ಚಿನ ಮರಗಳು ಉಳಿಯುವುದಿಲ್ಲ. ಮಿಷನ್ ಹಿಡಿದವನಿಗೆ, ಹಗ್ಗ ಕಟ್ಟುವವನಿಗೆ, ಸುಣ್ಣ ಬಳಿಯುವವನಿಗೆ ಈ ವ್ಯತ್ಯಾಸ ಗೊತ್ತಿದ್ದರೆ ಅರ್ಧ ತೋಟ ಉಳಿದ ಹಾಗೆ.

ಸತ್ತ ಪದರದ ಕೆಲಸ

ಸಸಿಯಾಗಿದ್ದಾಗ ಕಾಂಡಕ್ಕೆ ಬರೀ ತೆಳು ಹಸಿರು ಚರ್ಮ ಇರುತ್ತೆ. ಕಾಂಡ ದಪ್ಪವಾದ ಹಾಗೆ ಆ ಚರ್ಮ ಹಿಗ್ಗಲಾರದೆ ಒಡೆಯುತ್ತೆ. ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಪದರ ಎದ್ದು ಹೊರಕ್ಕೆ ಕಾರ್ಕ್ ಕೋಶಗಳನ್ನು ಕಟ್ಟಲು ಶುರು ಮಾಡಿರುತ್ತೆ. ಅದಕ್ಕೆ ಕಾರ್ಕ್ ಕೇಂಬಿಯಂ ಅಂತ ಹೆಸರು. ತೋಟಗಾರಿಕೆ ಓದುವಾಗ ಈ ಮೂರು ಪದರಕ್ಕೆ ಫೆಲ್ಲಂ, ಫೆಲ್ಲೋಜೆನ್, ಫೆಲ್ಲೋಡರ್ಮ್ ಅಂತ ಬಾಯಿಪಾಠ ಮಾಡಿ ಚಿತ್ರ ಬರೆದು ಅಂಕ ತಗೊಂಡಿದ್ದೆವು. ತೋಟಕ್ಕೆ ಬಂದ ಮೇಲೆ ಒಬ್ಬರೂ ಆ ಹೆಸರು ಕೇಳಿಲ್ಲ. ನೀವೂ ನೆನಪಿಡಬೇಕಿಲ್ಲ.

ನೆನಪಿಡಬೇಕಾದದ್ದು ಒಂಬತ್ತನೇ ಕ್ಲಾಸಿನಲ್ಲಿ ಓದಿದ ಸುಬೆರಿನ್. ಮೇಣದಂಥ ವಸ್ತು. ಕಾರ್ಕ್ ಕೋಶ ಬಲಿಯುವಾಗ ಅದರ ಗೋಡೆಗೆ ಸುಬೆರಿನ್ ತುಂಬಿಕೊಳ್ಳುತ್ತೆ, ಆಮೇಲೆ ಕೋಶ ಸಾಯುತ್ತೆ, ಒಳಗೆ ಗಾಳಿ ಮಾತ್ರ ಉಳಿಯುತ್ತೆ. ಇಟ್ಟಿಗೆ ಗೋಡೆ ಹಾಗೆ ಒಂದಕ್ಕೊಂದು ಅಂಟಿಕೊಂಡು, ನಡುವೆ ಸಂದಿಯಿಲ್ಲದೆ. ಒಳಗಿನ ನೀರು ಆವಿಯಾಗಿ ಹೋಗಲ್ಲ, ಹೊರಗಿನ ಶಿಲೀಂಧ್ರ ಸುಲಭಕ್ಕೆ ಒಳಗೆ ಬರಲ್ಲ, ಗಾಳಿ ತುಂಬಿರುವುದರಿಂದ ಬಿಸಿಲಿನ ಕಾವೂ ಬೇಗ ಇಳಿಯಲ್ಲ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ 'ಸೆಲ್' ಅಂತ ಹೆಸರಿಟ್ಟದ್ದು ಇಂಥ ಕಾರ್ಕ್ ಚೂರಿನ ಖಾಲಿ ಕೋಣೆಗಳಿಗೇ. ಇವತ್ತು ನಾವು ಜೀವಕೋಶ ಅನ್ನುವ ಪದದ ಮೂಲ ಸತ್ತ ತೊಗಟೆ.

ಹುಕ್ ನೋಡಿದ ಆ ಕಾರ್ಕ್ ಬರುವುದು ಓಕ್ ಜಾತಿಯ ಒಂದು ಮರದಿಂದ. ಪೋರ್ಚುಗಲ್, ಸ್ಪೇನ್ ಕಡೆ ಬೆಳೆಯುತ್ತಾರೆ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸುಲಿತ, ಆಮೇಲೆ ಸಾಮಾನ್ಯವಾಗಿ 9 ವರ್ಷಕ್ಕೊಮ್ಮೆ. ಕಾಂಡದ ಸುತ್ತಲೂ ಸುಲಿದರೂ ಮರ ಸಾಯಲ್ಲ. ಕಾರಣ, ಕೊಡಲಿ ಹಿಡಿದವನು ತೆಗೆಯುವುದು ಹೊರಗಿನ ಸತ್ತ ಪದರ ಮಾತ್ರ. ಒಳತೊಗಟೆಗೆ ಕೊಡಲಿ ತಾಗದ ಹಾಗೆ ಸುಲಿಯುವುದೇ ಅಲ್ಲಿನ ಕಸುಬು, ಅದನ್ನು ಕಲಿಯಲು ವರ್ಷಗಟ್ಟಲೆ ಬೇಕು. ನಮ್ಮ ಪಶ್ಚಿಮ ಘಟ್ಟದ ಅಶೋಕ ಮರದ ಕತೆ ಇದಕ್ಕೆ ಉಲ್ಟಾ. ಔಷಧಿಗೆ ಬೇಕು ಅಂತ ಒಳಗೂ ಹೊರಗೂ ಸೇರಿಸಿ ಮರದವರೆಗೆ ಸುಲಿಯುತ್ತಾರೆ, ಸುತ್ತ ಸುಲಿದ ಮರ ನಿಂತಲ್ಲೇ ಒಣಗುತ್ತೆ. ಮನೆ ಹಿಂದೆ ಅಶೋಕ ಇದ್ದರೆ ಕಾಂಡಕ್ಕೆ ಕತ್ತಿ ಹಾಕಬೇಡಿ, ಸವರಿದ ಕೊಂಬೆಯಿಂದ ತೊಗಟೆ ತೆಗೆಯಿರಿ. ದಾಲ್ಚಿನ್ನಿ ಬೆಳೆಯುವವರೂ ಕಾಂಡವನ್ನೇ ಕತ್ತರಿಸಿ ತೊಗಟೆ ಬಿಡಿಸುತ್ತಾರೆ. ಬುಡದಿಂದ ಮತ್ತೆ ಚಿಗುರು ಬರುತ್ತೆ, ಬುಡ ಸಾಯಲ್ಲ.

ಕಾರ್ಕ್ ಅಷ್ಟು ಗಟ್ಟಿಯಾಗಿ ಮುಚ್ಚಿದರೆ ಒಳಗಿನ ಜೀವಂತ ಪದರ ಉಸಿರಾಡುವುದು ಹೇಗೆ? ನುಗ್ಗೆ ಕೊಂಬೆಯ ಮೇಲೆ ಸಣ್ಣ ಸಣ್ಣ ಉಬ್ಬು ಚುಕ್ಕೆ ಇರುತ್ತವಲ್ಲ, ಕೈಗೆ ತರಿತರಿ ಆಗುತ್ತೆ, ಅವು ಉಸಿರು ರಂಧ್ರಗಳು. ಅಲ್ಲಿ ಕೋಶಗಳು ಸಡಿಲವಾಗಿರುತ್ತವೆ, ಗಾಳಿ ಆಡುತ್ತೆ. ಮಾವಿನ ಹಣ್ಣಿನ ಸಿಪ್ಪೆ ಮೇಲಿನ ಚುಕ್ಕೆಗಳೂ ಅವೇ.

ಸಾವಯವ ಮಾಡುವ ನಮ್ಮ ಹುಡುಗರಿಗೆ ಇಲ್ಲಿ ಒಂದು ಕಿವಿಮಾತು. ಹೊದಿಕೆ ಹಾಕಿ ಅಂದರೆ ಎಷ್ಟೋ ಜನ ಒಣಹುಲ್ಲು, ತರಗು, ಗೊಬ್ಬರ ಎಲ್ಲ ತಂದು ಕಾಂಡಕ್ಕೆ ಒತ್ತಿ ಗುಡ್ಡೆ ಮಾಡುತ್ತಾರೆ. ಮಳೆಗಾಲದಲ್ಲಿ ಆ ಜಾಗ ಒಣಗುವುದೇ ಇಲ್ಲ. ಉಸಿರು ರಂಧ್ರ ಮುಚ್ಚುತ್ತೆ, ಕಾರ್ಕ್ ಮೆತ್ತಗಾಗುತ್ತೆ, ಇಲಿ ಬಂದು ಬೆಚ್ಚಗೆ ಕೂತು ತೊಗಟೆ ಕಡಿಯುತ್ತೆ. ನಿಂಬೆ, ಕಿತ್ತಳೆಯಲ್ಲಂತೂ ಬುಡದಿಂದ ಅಂಟು ಸೋರುವ ರೋಗಕ್ಕೆ ಇದು ಕೈಹಿಡಿದು ಕರೆದ ಹಾಗೆ. ಆ ರೋಗ ತರುವ ಫೈಟಾಫ್ತೊರ ಮಣ್ಣಿನಲ್ಲೇ ಇರುತ್ತೆ, ನೀರಿನ ಜೊತೆ ಬಂದು ಒದ್ದೆ ತೊಗಟೆಗೆ ತಾಗುತ್ತೆ. ಹೊದಿಕೆ ಕಾಂಡದಿಂದ ಒಂದು ಗೇಣು ದೂರ ಇರಲಿ. ನಿಂಬೆಗೆ ಪಾತಿ ಮಾಡುವಾಗ ಕಾಂಡದ ಸುತ್ತ ಸ್ವಲ್ಪ ಮಣ್ಣು ಏರಿಸಿ, ಅದರಾಚೆ ನೀರು ನಿಲ್ಲುವ ಹಾಗೆ ಎರಡು ಸುತ್ತಿನ ಪಾತಿ ಮಾಡಿ. ಏರಿಸಿದ ಮಣ್ಣು ಕಸಿ ಗಂಟು ಮುಚ್ಚಬಾರದು, ಗಂಟು ಯಾವಾಗಲೂ ಮಣ್ಣಿನ ಮೇಲೇ ಇರಬೇಕು.

ಕಾರ್ಕ್ ಮರಕ್ಕೆ ಮಾತ್ರ ಸೇರಿದ್ದಲ್ಲ. ಆಲೂಗಡ್ಡೆಯ ಸಿಪ್ಪೆ ಪೂರ್ತಿ ಕಾರ್ಕೇ. ಹಂಬು ಹಸಿರಿರುವಾಗಲೇ ಅಗೆದ ಗಡ್ಡೆಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿ, ಸಿಪ್ಪೆ ಸುಲಿದು ಬರುತ್ತೆ. ಹಂಬು ಕೊಯ್ದು 10-15 ದಿನ ಮಣ್ಣಿನಲ್ಲೇ ಬಿಟ್ಟು ಅಗೆದರೆ ಸಿಪ್ಪೆ ಕೂತಿರುತ್ತೆ, ಚೀಲದಲ್ಲಿ ಕೊಳೆಯುವುದು ಕಡಿಮೆ. ಬೀಜದ ಗಡ್ಡೆ ಕತ್ತರಿಸಿ ನೆಡುವವರು ಕತ್ತರಿಸಿದ ಹೋಳನ್ನು ನೆರಳಲ್ಲಿ, ಗಾಳಿಯಾಡುವ ಕಡೆ ಎರಡು ಮೂರು ದಿನ ಹರಡಿದರೆ ಕತ್ತರಿಸಿದ ಮೈಗೆ ಹೊಸ ಕಾರ್ಕ್ ಕಟ್ಟುತ್ತೆ. ಬಿಸಿಲಿಗೆ ಹಾಕಿದರೆ ಒಣಗುತ್ತೆ ಅಷ್ಟೆ, ಕಾರ್ಕ್ ಕಟ್ಟಲ್ಲ. ಗಾಯ ಒಣಗುವುದು ಬೇರೆ, ಮುಚ್ಚುವುದು ಬೇರೆ.

ಇನ್ನೊಂದು ವಿಷಯ, ಮೆಣಸು ಬೆಳೆಯುವವರಿಗೆ. ಸತ್ತ ಪದರ ಹಿಗ್ಗಲ್ಲ, ಒಳಗಿನ ಮರ ದಪ್ಪವಾಗುತ್ತಲೇ ಇರುತ್ತೆ. ಹಾಗಾಗಿ ಹೊರ ತೊಗಟೆ ಒಡೆಯಲೇಬೇಕು. ಸಿಲ್ವರ್ ಓಕ್‌ನಲ್ಲಿ ಅದು ಉದ್ದುದ್ದ ಬಿರುಕಾಗಿ ಒಡೆದು ಅಲ್ಲೇ ಉಳಿಯುತ್ತೆ. ಸೀಬೆ, ನೀಲಗಿರಿಯಲ್ಲಿ ಚಕ್ಕೆಚಕ್ಕೆಯಾಗಿ, ಪಟ್ಟಿಪಟ್ಟಿಯಾಗಿ ಕಳಚಿ ಬೀಳುತ್ತೆ. ಮೆಣಸಿನ ಬಳ್ಳಿಯ ಅಂಟುಬೇರು ಬಿರುಕಿನಲ್ಲಿ ಹಿಡಿದು ಏರುತ್ತೆ, ಕಳಚುವ ತೊಗಟೆಯಲ್ಲಿ ತೊಗಟೆ ಜೊತೆ ತಾನೂ ಕಳಚಿ ಬೀಳುತ್ತೆ. ಆಸರೆ ಮರ ಆರಿಸುವಾಗ ಬೆಳವಣಿಗೆ ಎಷ್ಟು ಬೇಗ ಅಂತ ಮಾತ್ರ ನೋಡಬೇಡಿ, ತೊಗಟೆ ಮುಟ್ಟಿ ನೋಡಿ. ಬಳ್ಳಿಯ ಬೇರು ಆಸರೆ ಮರದ ರಸ ಹೀರುತ್ತೆ ಅನ್ನುವ ಮಾತು ಸುಳ್ಳು. ಅದು ಬರೀ ಹಿಡಿದುಕೊಳ್ಳುತ್ತೆ.

ಬದುಕಿರುವ ಪದರ ಕಡಿದರೆ

ಈಗ ಆ ಮಾವಿನ ಗಿಡಗಳ ವಿಷಯಕ್ಕೆ ಬರೋಣ. ಬೇರಿನಿಂದ ನೀರು ಮೇಲೆ ಹೋಗುವುದು ಮರದ ಭಾಗದಲ್ಲಿ, ಅಂದರೆ ಕ್ಸೈಲಂನಲ್ಲಿ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ, ಫ್ಲೋಯಂನಲ್ಲಿ. ಮಿಷನ್ನಿನ ದಾರ ತೊಗಟೆ ಕಿತ್ತಿತು, ಮರ ಹಾಗೇ ಇದೆ. ನೀರು ಮೇಲೆ ಹೋಗುತ್ತಲೇ ಇತ್ತು, ಅದಕ್ಕೇ ಎಲೆ ಬಾಡಲಿಲ್ಲ. ಆದರೆ ಬೇರಿಗೆ ಊಟ ನಿಂತಿತು. ಬೇರು ಕೂಡಿಟ್ಟ ಪಿಷ್ಟ ತಿಂದುಕೊಂಡು ಕೆಲವು ತಿಂಗಳು ನೀರು ಎತ್ತಿಕೊಟ್ಟಿತು. ಪಿಷ್ಟ ಮುಗಿದ ಮೇಲೆ ಹೊಸ ಬೇರು ಹುಟ್ಟಲಿಲ್ಲ, ಹಳೆಯದು ಸತ್ತಿತು. ಆಗ ಮೇಲೆ ಎಲೆ ಹಳದಿ. ಆ ಹೊತ್ತಿಗೆ ಎಲೆಗೆ ಕೊಡುವ ಸ್ಪ್ರೇ ಏನು ಮಾಡೀತು?

ಕಡಿದ ಜಾಗದ ಮೇಲಂಚಿನಲ್ಲಿ ಕಾಂಡ ಊದಿಕೊಂಡಿದ್ದರೆ ಅದು ಇಳಿಯಲಾರದೆ ನಿಂತ ಸಕ್ಕರೆಯ ಗುರುತು. ಅಕಾಲದ ಹೂವೂ ಅದರದ್ದೇ. ಸಾಯುವ ಮರ ಮೈತುಂಬಾ ಕಾಯಿ ಬಿಡುತ್ತೆ ಅಂತ ಹಳ್ಳಿಯಲ್ಲಿ ಹೇಳುತ್ತಾರಲ್ಲ, ಅದರಲ್ಲಿ ಇಂಥ ಮರಗಳೂ ಸೇರಿರುತ್ತವೆ.

ಇದನ್ನೇ ನಾವು ಬೇಕೆಂದು ಮಾಡುವುದೂ ಇದೆ. ದಾಳಿಂಬೆ, ಸೀಬೆಗೆ ಗೂಟಿ ಕಟ್ಟುವಾಗ ಕೊಂಬೆ ಸುತ್ತ ಒಂದಿಂಚಿನಷ್ಟು ತೊಗಟೆ ತೆಗೆಯುತ್ತೇವೆ. ಇಳಿಯುವ ಸಕ್ಕರೆ ಅಲ್ಲೇ ನಿಲ್ಲುತ್ತೆ, ಒದ್ದೆ ಪಾಚಿ ಸುತ್ತಿದರೆ ಬೇರು ಬರುತ್ತೆ. ಕೆಲವರ ಗೂಟಿ ಬೇರು ಬಿಡದೆ ಗಾಯ ಮುಚ್ಚಿಕೊಳ್ಳುತ್ತೆ. ಆ ಜಾರುವ ಕೇಂಬಿಯಂ ಕೆರೆದು ತೆಗೆದಿರುವುದಿಲ್ಲ, ಅದು ಸೇತುವೆ ಕಟ್ಟಿಬಿಡುತ್ತೆ. ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಗೊತ್ತಿರುವ ಉಂಗುರ ಕತ್ತರಿಕೆಯೂ ಇದೇ ತತ್ವ, ಸಕ್ಕರೆ ಗೊಂಚಲಿನ ಕಡೆಗೇ ನಿಲ್ಲಲಿ, ಕಾಳು ದಪ್ಪವಾಗಲಿ ಅಂತ. ಅಲ್ಲಿ ತೆಗೆಯುವ ಪಟ್ಟಿ 3ರಿಂದ 5 ಮಿಲಿಮೀಟರ್ ಮಾತ್ರ, ಕೆಲವೇ ವಾರದಲ್ಲಿ ಮುಚ್ಚಿಕೊಳ್ಳುತ್ತೆ. ಒಂದಿಂಚು ತೆಗೆದರೆ ಬಳ್ಳಿಯ ಕತೆ ಮುಗಿಯಿತು.

ಕಳೆ ಮಿಷನ್ ಒಂದೇ ಅಪರಾಧಿಯಲ್ಲ. ಗಿಡ ನೆಟ್ಟಾಗ ಕೋಲಿಗೆ ಕಟ್ಟಿದ ಪ್ಲಾಸ್ಟಿಕ್ ದಾರ ಅದಕ್ಕಿಂತ ಹೆಚ್ಚು ಗಿಡ ಕೊಂದಿದೆ ಅಂತ ನನ್ನ ಲೆಕ್ಕ. ಕಟ್ಟಿದವರು ಮರೆಯುತ್ತಾರೆ, ಗಿಡ ದಪ್ಪವಾಗುತ್ತೆ, ದಾರ ಹಿಗ್ಗಲ್ಲ. ಎರಡನೇ ವರ್ಷ ದಾರ ತೊಗಟೆಯೊಳಗೆ ಹೂತು ಕಾಣುವುದೇ ಇಲ್ಲ. ಗಾಳಿ ಬಂದ ದಿನ ಗಿಡ ಅಲ್ಲೇ ಮುರಿಯುತ್ತೆ. ನರ್ಸರಿಯ ಹೆಸರಿನ ಚೀಟಿ ಕಟ್ಟಿದ ತಂತಿ, ಕಸಿ ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಕೂಡ ಹೀಗೇ. ಕಸಿ ಗಿಡ ತಂದವರು ಗಂಟು ಕೂಡಿದೆ ಅಂತ ಗೊತ್ತಾದ ಮೇಲೆ ಆ ಪಟ್ಟಿ ಬಿಚ್ಚಲೇಬೇಕು. ಕಟ್ಟಲು ಬಾಳೆ ನಾರು, ಹಳೆ ಪಂಚೆಯ ಪಟ್ಟಿ ಸಾಕು, ಎಂಟರ ಅಂಕಿಯ ಹಾಗೆ ಸಡಿಲವಾಗಿ ಕಟ್ಟಿ. ಬೇಲಿ ತಂತಿಯನ್ನು ಗ್ಲಿರಿಸಿಡಿಯಾ, ಹೊಂಗೆ ಮರಕ್ಕೆ ಸುತ್ತುವ ಬದಲು ಒಂದು ಮೊಳೆ ಹೊಡೆದು ಸಿಕ್ಕಿಸಿ. ಮೊಳೆ ನೋಡಲು ಕ್ರೂರ ಅನ್ನಿಸುತ್ತೆ, ಆದರೆ ಅದು ತೊಗಟೆಯ ಒಂದು ಚುಕ್ಕೆಯನ್ನು ಮಾತ್ರ ಹಾಳು ಮಾಡುತ್ತೆ. ಸುತ್ತಿದ ತಂತಿ ಇಡೀ ದಾರಿ ಮುಚ್ಚುತ್ತೆ.

ಗಾಯವಾದ ಗಿಡ ಉಳಿಸಬಹುದಾ? ಸುತ್ತಳತೆಯ ಒಂದು ಕಡೆ ತೊಗಟೆಯ ಪಟ್ಟಿ ಮೇಲಿನಿಂದ ಕೆಳಗೆ ಅಖಂಡ ಉಳಿದಿದ್ದರೆ ಉಳಿಯುವ ಅವಕಾಶ ಚೆನ್ನಾಗಿದೆ. ಹರಿದ ಅಂಚನ್ನು ಹರಿತ ಚಾಕುವಿನಲ್ಲಿ ನಯ ಮಾಡಿ, ಮುಂದೆ ಅಲ್ಲಿ ಏನೂ ತಾಗದ ಹಾಗೆ ನೋಡಿಕೊಳ್ಳಿ. ಗಾಯ ಈಗಷ್ಟೇ ಆಗಿದ್ದು, ಮರದ ಮೇಲೆ ಇನ್ನೂ ಜಾರುವ ಲೋಳೆ ಇದ್ದರೆ ಅದನ್ನು ಒರೆಸಬೇಡಿ, ಮುಟ್ಟಲೂ ಬೇಡಿ. ಕೂಡಲೇ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಸುತ್ತಿ, ಬಿಸಿಲು ಬೀಳದ ಹಾಗೆ ಮೇಲೆ ಗೋಣಿ ಕಟ್ಟಿದರೆ ಮಳೆಗಾಲದಲ್ಲಿ ಹೊಸ ತೊಗಟೆ ಮೂಡುವ ಸಾಧ್ಯತೆ ಇದೆ. ಒಣಗಿದ ಮೇಲೆ ಏನು ಬಳಿದರೂ ಮೂಡಲ್ಲ.

ಸುತ್ತಲೂ ಹೋಗಿದ್ದರೆ ಸೇತುವೆ ಕಸಿ ಅಂತ ಒಂದಿದೆ. ಅದೇ ಜಾತಿಯ ಪೆನ್ಸಿಲ್ ದಪ್ಪದ ಕಡ್ಡಿಯ ಎರಡೂ ತುದಿ ಚೂಪು ಮಾಡಿ, ಒಂದು ತುದಿ ಗಾಯದ ಕೆಳಗಿನ ತೊಗಟೆಯೊಳಗೆ, ಇನ್ನೊಂದು ಮೇಲಿನ ತೊಗಟೆಯೊಳಗೆ ತೂರಿಸಿ ಕಟ್ಟುವುದು. ಕಡ್ಡಿಯ ಬುಡ ಕೆಳಗೇ ಇರಬೇಕು, ತಲೆಕೆಳಗಾಗಬಾರದು. ಮಾವಿಗೆ ಇದಕ್ಕಿಂತ ಸುಲಭ, ಪಕ್ಕದಲ್ಲೇ ಎರಡು ಓಟೆ ಸಸಿ ನೆಟ್ಟು, ಅವು ಪೆನ್ಸಿಲ್ ದಪ್ಪ ಆದ ಮೇಲೆ ಗಾಯದ ಮೇಲ್ಭಾಗಕ್ಕೆ ಸಾಮೀಪ್ಯ ಕಸಿ ಕಟ್ಟುವುದು. ಮರಕ್ಕೆ ಹೊಸ ಬೇರು ಸಿಕ್ಕ ಹಾಗೆ. ಹತ್ತು ವರ್ಷದ ಫಲ ಬಿಡುವ ಮರಕ್ಕೆ ಇಷ್ಟು ಸೇವೆ ಮಾಡಬಹುದು, ಅದೂ ಗಾಯ ಹೊಸದಾಗಿದ್ದು ಬೇರು ಇನ್ನೂ ಬದುಕಿರುವಾಗ. ಮೂರು ವರ್ಷದ ಗಿಡಕ್ಕೆ ಮಾಡಿ ಅಂತ ನಾನು ಹೇಳುವುದಿಲ್ಲ. ಆ ಹುಡುಗನಿಗೆ ಹೇಳಿದ್ದೂ ಅದನ್ನೇ. ಪೆಟ್ಟಾದ 22 ಗಿಡದಲ್ಲಿ 14ಕ್ಕೆ ಸುತ್ತಲೂ ತೊಗಟೆ ಹೋಗಿತ್ತು. ಮೂರು ಬೇಸಿಗೆ ಟ್ಯಾಂಕರ್ ನೀರು ತಂದು ಹೊಯ್ದು ಬೆಳೆಸಿದ್ದು, "ಕಿತ್ತು ಹೊಸದು ನೆಡು" ಅಂದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಆದರೆ ಸತ್ತ ಬೇರಿಗೆ ಇನ್ನೊಂದು ವರ್ಷ ನೀರು ಹೊಯ್ಯುವುದಕ್ಕಿಂತ ಅದೇ ವಾಸಿ. ಉಳಿದ 8 ಗಿಡಕ್ಕೆ ಈಗ ಅಡಿಕೆ ಹಾಳೆ ಸುತ್ತಿದ್ದಾನೆ. ಹಾಳೆ ಸಿಗದವರು ಪಿವಿಸಿ ಪೈಪನ್ನು ಒಂದಡಿ ಉದ್ದಕ್ಕೆ ಕತ್ತರಿಸಿ, ಉದ್ದುದ್ದ ಸೀಳಿ ಬುಡಕ್ಕೆ ತೊಡಿಸಬಹುದು. ಪೈಪು ಕಾಂಡಕ್ಕಿಂತ ಸಾಕಷ್ಟು ಅಗಲ ಇರಲಿ, ಒಳಗೆ ಗಾಳಿಯಾಡಲಿ. ಬುಡದ ಸುತ್ತ ಒಂದೂವರೆ ಅಡಿ ಕಳೆ ಮಾತ್ರ ಕೈಯಲ್ಲೇ ಕೀಳಿಸಿ. ಕೂಲಿ ಜಾಸ್ತಿ ಅನ್ನಬೇಡಿ, 14 ಗಿಡದ ಲೆಕ್ಕ ಮೇಲೆ ಇದೆ.

ಸವರಿದ ಗಾಯಕ್ಕೆ ಏನು ಬಳಿಯಬೇಕು

ನಮ್ಮ ಚರ್ಮದ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸಿದರು. ಕೆಟ್ಟ ಭಾಗವನ್ನು ಮರ ಸರಿ ಮಾಡಲ್ಲ. ಅದರ ಸುತ್ತ ಗೋಡೆ ಕಟ್ಟಿ ಬೇರೆ ಇಡುತ್ತೆ, ಮೇಲೆ ಅಂಚಿನಿಂದ ಹೊಸ ತೊಗಟೆ ಸುತ್ತಿಕೊಂಡು ಬಂದು ಮುಚ್ಚುತ್ತೆ. ಆ ಹೊಸ ತೊಗಟೆ ಬೇಗ ಬರುವುದು ಕೊಂಬೆಯ ಬುಡದಲ್ಲಿ ಉಂಗುರದಂತೆ ಉಬ್ಬಿದ ಭಾಗದಿಂದ. ಅದಕ್ಕೇ ಕೊಂಬೆ ಸವರುವಾಗ ಕಾಂಡಕ್ಕೆ ಸಮವಾಗಿ ಕತ್ತರಿಸಬೇಡಿ, ಆ ಉಬ್ಬು ಉಳಿಸಿ ಅದರ ಹೊರಗೆ ಕತ್ತರಿಸಿ. ಗೂಟ ಬಿಡುವುದೂ ತಪ್ಪೇ, ಅದು ಕೊಳೆತು ಒಳಗೆ ದಾರಿ ಮಾಡುತ್ತೆ. ಭಾರದ ಕೊಂಬೆಯಾದರೆ ಮೊದಲು ಒಂದಡಿ ಆಚೆ ಕೆಳಗಿನಿಂದ ಅರ್ಧ ಗರಗಸ ಹಾಕಿ, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕತ್ತರಿಸಿ ಬೀಳಿಸಿ. ಉಳಿದ ಗೂಟವನ್ನು ಕೊನೆಗೆ ತೆಗೆಯಿರಿ. ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಹೋಗುತ್ತೆ.

ಡಾಂಬರು, ಹಳೆ ಇಂಜಿನ್ ಆಯಿಲ್, ಎನಾಮೆಲ್ ಪೇಂಟ್ ಬೇಡವೇ ಬೇಡ. ಅವು ಅಂಚಿನ ಜೀವಂತ ಕೋಶಗಳನ್ನು ಸುಡುತ್ತವೆ. ಮಳೆ ಮುಂದಿರುವಾಗ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ನಾನೂ ಬಳಸುತ್ತೇನೆ: 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 10 ಲೀಟರ್ ನೀರು. ಎರಡನ್ನೂ ಐದೈದು ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಸೇರಿಸಿ. ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಸಾವಯವ ಪ್ರಮಾಣಪತ್ರ ಇರುವವರು ತಾಮ್ರ ಬಳಸುವ ಮುಂಚೆ ಪ್ರಮಾಣಪತ್ರ ಕೊಡುವವರನ್ನು ಕೇಳಿಕೊಳ್ಳಿ, ಮಿತಿ ಇದೆ. ಸಣ್ಣ ಗಾಯಕ್ಕೆ ಏನೂ ಬೇಡ.

ತೊಗಟೆಯಲ್ಲಿ ಅಡಗುವವರು

ಮಾವು, ಸೀಬೆ, ಸಪೋಟ, ದಾಳಿಂಬೆಯ ಕವಲಿನಲ್ಲಿ ಜೇಡರ ಬಲೆಗೆ ಮರದ ಪುಡಿ ಅಂಟಿಸಿದ ಹಾಗೆ ಕಂದು ಪಟ್ಟಿ ಕಂಡರೆ ಅದು ತೊಗಟೆ ತಿನ್ನುವ ಹುಳು. ಹಗಲು ತೂತಿನೊಳಗೆ, ರಾತ್ರಿ ಆ ಪಟ್ಟಿಯ ಮರೆಯಲ್ಲಿ ತೊಗಟೆ ಊಟ. ಪಟ್ಟಿ ಗುಡಿಸಿ ತೆಗೆದು, ತೂತಿಗೆ ತಂತಿ ಹಾಕಿ ಚುಚ್ಚಿ, ಬೇವಿನೆಣ್ಣೆ ಅದ್ದಿದ ಹತ್ತಿ ತುರುಕಿ ಜೇಡಿಮಣ್ಣು ಮೆತ್ತಿ. ಬಲೆ ತೆಗೆಯದೆ ಮೇಲಿಂದ ಸ್ಪ್ರೇ ಹೊಡೆದರೆ ಔಷಧಿ ಹುಳುವಿಗೆ ತಾಗಲ್ಲ.

ಅರೇಬಿಕಾ ಕಾಫಿಯವರಿಗೆ ಬಿಳಿ ಕಾಂಡಕೊರಕದ ಕಾಟ ಹೇಳಬೇಕಿಲ್ಲ. ಅದರ ದುಂಬಿ ಮೊಟ್ಟೆ ಇಡುವುದು ಮುಖ್ಯ ಕಾಂಡದ ಸಡಿಲ ತೊಗಟೆಯ ಬಿರುಕಿನಲ್ಲಿ. ಹಾರಾಟ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಹಾರಾಟಕ್ಕೆ ಮುಂಚೆ ಕಾಂಡ ಉಜ್ಜಿ ಸಡಿಲ ಚಕ್ಕೆ ತೆಗೆದರೆ ಮೊಟ್ಟೆಗೆ ಜಾಗವಿಲ್ಲ. ತೆಗೆಯುವುದು ಸತ್ತ ಪದರ ಮಾತ್ರ, ಆದ್ದರಿಂದ ತೆಂಗಿನ ಮಟ್ಟೆ ಅಥವಾ ನಾರಿನ ಕೈಚೀಲ. ಕತ್ತಿಯ ಹಿಂಬದಿಯಲ್ಲಿ ಕೆರೆಯುವವರನ್ನು ನೋಡಿದ್ದೇನೆ, ಹುಳುವಿನ ಕೆಲಸ ತಾವೇ ಮಾಡಿದ ಹಾಗೆ. ಉಜ್ಜಿದ ಮೇಲೆ 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಕಲಸಿ ಕಾಂಡಕ್ಕೆ ಹೊಡೆಯುತ್ತಾರೆ. ಇದಕ್ಕೆಲ್ಲ ಮೂಲ ನೆರಳು. ಬಿಸಿಲು ಬೀಳುವ ಗಿಡವನ್ನೇ ದುಂಬಿ ಹುಡುಕಿಕೊಂಡು ಬರುತ್ತೆ.

ಅಡಿಕೆ, ತೆಂಗಿಗೆ ಈ ಪಾಠ ಬೇರೆ

ಇಷ್ಟು ಹೊತ್ತು ಹೇಳಿದ್ದರಲ್ಲಿ ಹೆಚ್ಚಿನದು ಅಡಿಕೆಗೆ, ತೆಂಗಿಗೆ ಹೊಂದುವುದಿಲ್ಲ. ನಮ್ಮ ತರೀಕೆರೆ ಕಡೆ ಅರ್ಧ ಜನ ಅಡಿಕೆಯವರೇ, ಹಾಗಾಗಿ ಹೇಳಲೇಬೇಕು. ಇವು ಒಂದೇ ಬೇಳೆಯ ಸಸ್ಯಗಳು, ಹುಲ್ಲಿನ ನೆಂಟರು. ಮಾವಿನಲ್ಲಿ ನೋಡಿದ ಕೇಂಬಿಯಂ ಇವುಗಳಿಗೆ ಇಲ್ಲ. ಮಾವು, ಹಲಸಿನ ಅರ್ಥದಲ್ಲಿ ತೊಗಟೆಯೂ ಇಲ್ಲ. ನೀರಿನ ಕೊಳವೆ, ಸಕ್ಕರೆಯ ಕೊಳವೆ ಎರಡೂ ಸೇರಿದ ಸಣ್ಣ ಸಣ್ಣ ಕಟ್ಟುಗಳು ಕಾಂಡದ ತುಂಬ ಹರಡಿಕೊಂಡಿವೆ. ಒಳ್ಳೆಯದೇನೆಂದರೆ ಸುತ್ತ ಮೇಲ್ಮೈ ಕೆರೆದರೂ ಮಾವಿನ ಹಾಗೆ ಊಟ ಪೂರ್ತಿ ನಿಲ್ಲುವುದಿಲ್ಲ. ಕೆಟ್ಟದ್ದೇನೆಂದರೆ ಗಾಯ ಎಂದೂ ಮುಚ್ಚುವುದಿಲ್ಲ. ಮುಚ್ಚಲು ಹೊಸ ತೊಗಟೆ ಕಟ್ಟುವವರೇ ಇಲ್ಲ. ಹತ್ತು ವರ್ಷದ ಹಿಂದೆ ಕತ್ತಿಯ ಏಟು ಬಿದ್ದ ಅಡಿಕೆ ಮರ ಹುಡುಕಿ ನೋಡಿ, ಏಟು ಹಾಗೇ ಇರುತ್ತೆ.

ತೆಂಗಿನ ಮರ ಹತ್ತಲು ಕಚ್ಚು ಹೊಡೆಯುವುದು, ಮೊಳೆ ಹೊಡೆದು ಸ್ಪ್ರಿಂಕ್ಲರ್ ಪೈಪು ಸಿಕ್ಕಿಸುವುದು, ಟ್ರ್ಯಾಕ್ಟರ್ ಉಜ್ಜುವುದು, ಇವೆಲ್ಲ ಮರದ ಆಯಸ್ಸು ಪೂರ್ತಿ ತೆರೆದಿರುವ ಬಾಗಿಲು. ಕಾಂಡ ಸೋರುವ ರೋಗದ ಶಿಲೀಂಧ್ರ, ಕೆಂಪು ಮೂತಿ ಹುಳು ಎರಡಕ್ಕೂ ಅದೇ ಬಾಗಿಲು. ಬೇಲಿಗೆ ಸುತ್ತುವ ಬದಲು ಮೊಳೆ ಹೊಡೆಯಿರಿ ಅಂತ ಮೇಲೆ ಹೇಳಿದ್ದು ಗ್ಲಿರಿಸಿಡಿಯಾಕ್ಕೆ, ಹೊಂಗೆಗೆ. ತೆಂಗು, ಅಡಿಕೆಗೆ ಮೊಳೆ ಬೇಡ. ಇಲ್ಲಿ ಹಗ್ಗ ಕಟ್ಟಬಹುದು, ಕಾಂಡ ವರ್ಷವರ್ಷ ದಪ್ಪವಾಗುವುದಿಲ್ಲವಲ್ಲ.

ಅಡಿಕೆಯ ಇನ್ನೊಂದು ಕಷ್ಟ ಬಿಸಿಲು. ಕಾವು ತಡೆಯುವ ದಪ್ಪ ಕಾರ್ಕ್ ಇಲ್ಲ, ಎಳೆ ಮರದ ಕಾಂಡ ಇನ್ನೂ ಹಸಿರಾಗೇ ಇರುತ್ತೆ. ಮಳೆ ನಿಂತ ಮೇಲೆ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಮಧ್ಯಾಹ್ನದ ಮೇಲಿನ ಓರೆ ಬಿಸಿಲು ತೋಟದ ನೈಋತ್ಯದ ಅಂಚಿನ ಮರಗಳಿಗೆ ನೇರ ಹೊಡೆಯುತ್ತೆ. ಮೊದಲು ಹೊಂಬಣ್ಣದ ಮಚ್ಚೆ, ಆಮೇಲೆ ಕಂದು, ಆಮೇಲೆ ಉದ್ದುದ್ದ ಸೀಳು. ಸೀಳಿನಲ್ಲಿ ಶಿಲೀಂಧ್ರ ಕೂತು, ಎರಡು ಮೂರು ವರ್ಷ ಬಿಟ್ಟು ಗಾಳಿಗೆ ಮರ ಅಲ್ಲೇ ಮುರಿದಾಗ ನಾವು ಗಾಳಿಯನ್ನು ಬೈಯುತ್ತೇವೆ. ಹಿಂದಿನವರು ಆ ಅಂಚಿಗೆ ನೆರಳಿನ ಮರದ ಸಾಲು ಬಿಡುತ್ತಿದ್ದರು. ಹೊಸದಾಗಿ ಬಯಲಿನಲ್ಲಿ ಅಡಿಕೆ ಹಾಕಿದ ತೋಟಗಳಲ್ಲಿ ಆ ಸಾಲೇ ಕಾಣುವುದಿಲ್ಲ. ಸಾಲು ಬೆಳೆಯುವವರೆಗೆ ಅಂಚಿನ ಎರಡು ಮೂರು ಸಾಲಿನ ಎಳೆ ಮರಗಳಿಗೆ ದಕ್ಷಿಣ-ಪಶ್ಚಿಮ ಮುಖಕ್ಕೆ ಸೋಗೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ. ಸುಣ್ಣಕ್ಕೆ ಸ್ವಲ್ಪ ಅಂಟು ಸೇರಿಸಿದರೆ ಅಕಾಲದ ಮಳೆಗೂ ತೊಳೆದು ಹೋಗಲ್ಲ. ನವರಾತ್ರಿ ಮುಗಿದ ಮೇಲೆ ಕೆಲಸ ಶುರು ಮಾಡಿದರೆ ಸರಿ ಹೋಗುತ್ತೆ, ದೀಪಾವಳಿ ದಾಟಿಸಬೇಡಿ.